ಆನೆಕಾಸು ಯಾವ ಊರಿನದು?

ಕನ್ಯಾನದ ನಮ್ಮ ಅಜ್ಜನಮನೆಯ ದೇವರ ಕೋಣೆಯಲ್ಲಿ ಒಂದು ತಾಮ್ರದ ಕಾಸು ಇದೆ. ಒಂದು ಬದಿ ಆನೆ, ಇನ್ನೊಂದು ಬದಿ ಸವೆದುಹೋದ ಪರ್ಷಿಯನ್ ಅಕ್ಷರ. ಟಿಪ್ಪುವಿನ ಕಾಲದ್ದು. ನಮ್ಮ ಹಿರಿಯರೊಬ್ಬರು ಕರಿಮೆಣಸು ಹೊತ್ತು ಘಟ್ಟ ಹತ್ತಿ ನಗರಕ್ಕೆ ಹೋದಾಗ ಸಿಕ್ಕಿದ್ದು ಅಂತ ಮನೆಯ ಕಥೆ. ನಗರ ಅಂದರೆ ಬಿದನೂರು. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಅದು ಹೈದರನಗರ ಆಯಿತು, ಅಲ್ಲೊಂದು ಟಂಕಸಾಲೆಯೂ ಇತ್ತು.

ಮನೆ ರಿಪೇರಿ ಮುಗಿಸಿ ಪೂಜೆ ಇಟ್ಟುಕೊಂಡಾಗ ಕುಟುಂಬದ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡೋಣ ಅಂತಾಯಿತು. ಕಾಸಿನ ಪುಟ ನನ್ನ ಪಾಲಿಗೆ ಬಂತು. ಬಿಇ ಓದಿದವನಿಗೆ ಎಲ್ಲ ಗೊತ್ತಿರುತ್ತದೆ ಅನ್ನುವ ನಂಬಿಕೆ ಊರಲ್ಲಿ ಇನ್ನೂ ಇದೆ ನೋಡಿ.

ಟಿಪ್ಪುವಿನ ತಾಮ್ರದ ಕಾಸಿನಲ್ಲಿ ‘ಝರ್ಬ್’, ಅಂದರೆ ‘ಅಚ್ಚಾದದ್ದು’ ಅಂತ ಬರೆದು ಟಂಕಸಾಲೆಯ ಹೆಸರು ಇರುತ್ತದೆ. ಪಟ್ಟಣ (ಶ್ರೀರಂಗಪಟ್ಟಣ), ನಗರ, ಕಲ್ಲಿಕೋಟೆ, ಹೀಗೆ. ಈ ಅಭ್ಯಾಸ ಹಳೆಯದು. ನಾಲ್ಕನೇ ಶತಮಾನದ ರೋಮನ್ ಕಂಚಿನ ನಾಣ್ಯದ ಬುಡದಲ್ಲಿ ‘ಎಸ್‌ಎಂಎಎನ್‌ಟಿಬಿ’ ಅಂತ ಕಂಡರೆ, ಆಂಟಿಯೋಕ್ ಊರಿನ ಟಂಕಸಾಲೆ, ಎರಡನೇ ವಿಭಾಗ ಅಂತ ಅರ್ಥ. ತೂಕ ಕಡಿಮೆ ಬಂದರೆ ಯಾರನ್ನು ಹಿಡಿಯಬೇಕು ಅಂತ ಗೊತ್ತಾಗಬೇಕಲ್ಲ! ನಮ್ಮ ಆಫೀಸಿನ ಗಿಟ್ ಬ್ಲೇಮ್ ಕೂಡ ಇದೇ ಕೆಲಸ ಮಾಡುವುದು.

ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. 1921ರಲ್ಲಿ ಹೆಂಡರ್ಸನ್ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಬರೆದ ಪುಸ್ತಕದ ಚಿತ್ರಗಳ ಜೊತೆ ಎರಡು ರಾತ್ರಿ ಹೋಲಿಸಿದೆ. ಅಕ್ಷರದ ಚುಕ್ಕಿಗಳೆಲ್ಲ ಸವೆದಿವೆ. ಆದರೆ ಕೊನೆಯ ಅಕ್ಷರಕ್ಕೆ ಬಟ್ಟಲಿನ ಹಾಗೆ ಒಂದು ದೊಡ್ಡ ಬಾಗು ಇದೆ. ‘ನ’ಕಾರದ್ದು ಹಾಗಿರುತ್ತದೆ, ‘ರ’ಕಾರದ್ದಲ್ಲ. ಅಂದರೆ ಬಹುಶಃ ಪಟ್ಟಣ. ನಗರ ಅಲ್ಲ.

ಮಾವನಿಗೆ ಹೇಳಿದೆ. ಅವರಿಗೆ ಎಪ್ಪತ್ತೆರಡು. ಆ ಕಥೆ ಅವರ ಅಪ್ಪ ಹೇಳಿದ್ದು.

"ಸವೆದು ಹೋಗಿದೆ ಅಂತ ನೀನೇ ಹೇಳ್ತೀಯಲ್ಲ ಮಾರಾಯ. ಮತ್ತೆ ನಗರ ಅಂತ ಬರೆದ್ರೆ ಎಂತ ಆಗ್ತದೆ?"

"ಸುಳ್ಳಾಗ್ತದೆ ಮಾವ."

"ಹೌದಾ? ಬೆಂಗ್ಳೂರಲ್ಲಿ ಯಾವ ಊರು ಅಂತ ಕೇಳಿದ್ರೆ ನೀನು ಎಂತ ಹೇಳ್ತೀ?"

ಬಾಯಿ ಕಟ್ಟಿತು. ಹನ್ನೆರಡು ವರ್ಷದಿಂದ ‘ಮಂಗಳೂರು’ ಅಂತಲೇ ಹೇಳುತ್ತಿದ್ದೇನೆ.

ಕೇಳಿದವನಿಗೆ ಕನ್ಯಾನ ಗೊತ್ತಿಲ್ಲ, ಅವನಿಗೆ ಬೇಕಾದ್ದು ದಿಕ್ಕು ಮಾತ್ರ, ಅಲ್ಲಿ ಮಂಗಳೂರು ಅಂದರೆ ಮೋಸ ಇಲ್ಲ. ಆದರೆ ಪುಸ್ತಕದಲ್ಲಿ ಬರೆದದ್ದನ್ನು ನಾಳೆ ಇನ್ನೊಬ್ಬ ನಂಬಿ ಅದರ ಮೇಲೆ ಲೆಕ್ಕ ಕಟ್ಟುತ್ತಾನೆ. ಹೀಗೆಲ್ಲ ವಾದ ಮಾಡಿಕೊಂಡೆ. ವಾದ ಸರಿಯೇ ಇದೆ ಅಂತ ಈಗಲೂ ಅನಿಸುತ್ತದೆ. ಆದರೆ ನಾನು ಮಂಗಳೂರು ಅನ್ನುತ್ತಿದ್ದದ್ದು ಕೇಳುವವನ ಅನುಕೂಲಕ್ಕೆ ಮಾತ್ರವಾ? ಮೊದಲ ವರ್ಷದ ಹಾಸ್ಟೆಲಿನಲ್ಲಿ ‘ಎಲ್ಲಿ ಬರ್ತದೆ ಅದು?’ ಅಂತ ನಕ್ಕದ್ದು ನೆನಪಿದೆ. ಮಾವನಿಗೆ ಅವರ ಅಪ್ಪನ ಮಾತು ಉಳಿಯಬೇಕಿತ್ತು. ನನಗೆ ಉಳಿಯಬೇಕಿದ್ದದ್ದು ನನ್ನ ಮರ್ಯಾದೆ. ಇಬ್ಬರಲ್ಲಿ ಯಾರ ಆಸೆ ಹೆಚ್ಚು ಸಣ್ಣದು ಅಂತ ಹೇಳಬೇಕಾಗಿಲ್ಲ.

ಒಂದು ವಿಷಯ ಮಾತ್ರ ತಡವಾಗಿ ಹೊಳೆಯಿತು. ಟಂಕಸಾಲೆಯ ಹೆಸರು ಕಾಸು ಹುಟ್ಟಿದ ಜಾಗ ಹೇಳುತ್ತದೆ, ಓಡಾಡಿದ ಜಾಗ ಅಲ್ಲ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಬೈಜಾಂಟಿಯಂ ಚಕ್ರವರ್ತಿಗಳ ಚಿನ್ನದ ನಾಣ್ಯಗಳು ಸಿಕ್ಕಿವೆ. ಅವೇನು ಅಕ್ಕಿಆಲೂರಿನಲ್ಲಿ ಅಚ್ಚಾದವಾ? ಪಟ್ಟಣದ ಕಾಸು ನಗರದ ಸಂತೆಯಲ್ಲಿ ನಮ್ಮ ಹಿರಿಯರ ಕೈಗೆ ಬಂದಿರಲಿಕ್ಕೆ ಅಡ್ಡಿ ಎಂತ? ಕಥೆಯನ್ನು ಸುಳ್ಳು ಮಾಡುವ ಅಗತ್ಯವೇ ನನಗಿರಲಿಲ್ಲ.

ಹಾಗೇ ಬರೆದೆ: "ಬಹುಶಃ ಶ್ರೀರಂಗಪಟ್ಟಣದಲ್ಲಿ ಅಚ್ಚಾದದ್ದು. ನಗರದಲ್ಲಿ ಸಿಕ್ಕಿದ್ದೆಂದು ಮನೆಯ ಹಿರಿಯರು ಹೇಳುತ್ತಿದ್ದರು. ಪುಟ ಬರೆದವನು ಕನ್ಯಾನದವನು."

ಮಾವ ಎರಡು ಸಲ ಓದಿದರು. "ಆ ‘ಬಹುಶಃ’ ತೆಗಿ, ಓದುವವರಿಗೆ ಕಿರಿಕಿರಿ" ಅಂದರು. ತೆಗೆಯಲಿಲ್ಲ. ಪುಸ್ತಕ ಬಂದ ದಿನ ಅವರ ಪ್ರತಿಯಲ್ಲಿ ಆ ಒಂದು ಶಬ್ದಕ್ಕೆ ನೀಲಿ ಪೆನ್ನಿನಲ್ಲಿ ಗೀಟು ಎಳೆದಿದ್ದರು.