ಕಾಯಕ ತಪ್ಪಿದವರೂ ಮರುಶಿಕ್ಷಣವೂ

ಮನುಷ್ಯನಿಗೆ ಉದ್ಯೋಗವೆಂಬುದು ಕೇವಲ ಹೊಟ್ಟೆಯ ಪಾಡಲ್ಲವೆಂಬುದನ್ನು ಶಿವಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಕಂಡುಕೊಂಡರು. ಅದಕ್ಕೆ ಕಾಯಕವೆಂದು ಹೆಸರಿಟ್ಟು ಪೂಜೆಯ ಪದವಿಯನ್ನಿತ್ತರು. ಮಡಿವಾಳ ಮಾಚಯ್ಯನವರ ಒಗೆಯುವ ಕಲ್ಲು, ಅಂಬಿಗರ ಚೌಡಯ್ಯನವರ ಹರಿಗೋಲು, ನುಲಿಯ ಚಂದಯ್ಯನವರ ಹುಲ್ಲಿನ ಹಗ್ಗ ಇವೆಲ್ಲವೂ ಶರಣರ ಗೋಷ್ಠಿಯಲ್ಲಿ ಸಮಾನ ಗೌರವವನ್ನು ಪಡೆದುವು. ಹೀಗೆ ಕಾಯಕವು ಮನುಷ್ಯನ ಮಾನವೇ ಆದ ಬಳಿಕ, ಆತನ ತಪ್ಪಿಲ್ಲದೆಯೇ ಅದು ಕೈಬಿಟ್ಟುಹೋದರೆ ಆತನ ಗತಿಯೇನು? ಸಮಾಜವು ಆತನಿಗೆ ಸಲ್ಲಿಸಬೇಕಾದ ಋಣವಾವುದು? ಯಂತ್ರಗಳೂ ಮಾರುಕಟ್ಟೆಗಳೂ ವರ್ಷವರ್ಷಕ್ಕೂ ರೂಪ ಬದಲಿಸುತ್ತಿರುವ ಈ ಕಾಲದಲ್ಲಿ ಇದು ಸದ್ಭಕ್ತರಾದ ಗೃಹಸ್ಥರೆಲ್ಲರೂ ಆಲೋಚಿಸತಕ್ಕ ಪ್ರಶ್ನೆಯಾಗಿದೆ.

ಈ ಪ್ರಶ್ನೆಗೆ ಸುಲಭವಾದ ಉತ್ತರವೊಂದುಂಟು. ಕಾಯಕಗಳಲ್ಲಿ ಮೇಲುಕೀಳಿಲ್ಲ, ಆದುದರಿಂದ ಒಂದು ಹೋದರೆ ಮತ್ತೊಂದನ್ನು ಕಲಿಯಲಿ, ಕಲಿಸುವುದಕ್ಕೆ ಸರ್ಕಾರವು ಏರ್ಪಾಡು ಮಾಡಲಿ ಎಂಬುದೇ ಆ ಉತ್ತರ. ಇದು ಸುಳ್ಳಲ್ಲ. ಆದರೆ ಪೂರ್ಣವಾದ ಸತ್ಯವೂ ಅಲ್ಲ. ಅರ್ಧಸತ್ಯವು ಕೆಲವೊಮ್ಮೆ ಅಸತ್ಯಕ್ಕಿಂತ ಹೆಚ್ಚು ಹಾನಿಯನ್ನು ಮಾಡುತ್ತದೆ. ಏಕೆಂದರೆ ಅದನ್ನು ನುಡಿದವನ ಮನಸ್ಸು ನೆಮ್ಮದಿಗೊಂಡು ಮುಂದಿನ ವಿಚಾರವನ್ನೇ ನಿಲ್ಲಿಸಿಬಿಡುತ್ತದೆ.

ಒಂದು ನಿದರ್ಶನವನ್ನು ನೋಡಬಹುದು. ೧೯೬೧ರಲ್ಲಿ ಬೆಂಗಳೂರಿನಲ್ಲಿಯೂ ೧೯೭೮ರಲ್ಲಿ ತುಮಕೂರಿನಲ್ಲಿಯೂ ಎಚ್.ಎಂ.ಟಿ. ಸಂಸ್ಥೆಯ ಗಡಿಯಾರದ ಕಾರ್ಖಾನೆಗಳು ಆರಂಭವಾದುವು. ಕೂದಲೆಳೆಯಂತಹ ಸುರುಳಿಗಳನ್ನೂ ಎಳ್ಳಿಗಿಂತ ಸಣ್ಣ ತಿರುಪುಗಳನ್ನೂ ಚಿಮುಟದಿಂದ ಕೂಡಿಸುವ ಕುಶಲ ಕೈಗಳು, ಹೆಂಗಸರವೂ ಗಂಡಸರವೂ, ಅಲ್ಲಿ ಸಿದ್ಧವಾದುವು. ಕೀಲಿಕೊಡುವ ಗಡಿಯಾರದ ಸ್ಥಾನವನ್ನು ಕ್ವಾರ್ಟ್ಜ್ ಗಡಿಯಾರವು ಆಕ್ರಮಿಸಿತು. ಅನಂತರ ಮೊಬೈಲ್ ಫೋನು ಎಷ್ಟೋ ಜನರ ಕೈಗಡಿಯಾರವನ್ನೇ ಬಿಡಿಸಿತು. ಕೊನೆಗೆ ೨೦೧೬ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಗಡಿಯಾರದ ಘಟಕವನ್ನು ಮುಚ್ಚಲು ತೀರ್ಮಾನಿಸಿತು. ತುಮಕೂರಿನ ಕಾರ್ಖಾನೆಯ ನೆಲವು ಬಾಹ್ಯಾಕಾಶ ಸಂಸ್ಥೆಯಾದ ಇಸ್ರೋಗೆ ಸಂದಿತು. ನೆಲಕ್ಕೆ ಹೊಸ ಕಾಯಕವು ದೊರೆಯಿತು. ಚಿಮುಟವನ್ನು ಹಿಡಿದಿದ್ದ ಕೈಗಳಿಗೋ? ಅವುಗಳಿಗೆ ಪರಿಹಾರದ ಹಣವು ದೊರೆಯಿತು. ಹಣವು ಬೇಕೇಬೇಕು, ಆದರೆ ಹಣವು ಕಾಯಕವಲ್ಲ. ಸಾಲ ತೀರಿಸುವಲ್ಲಿ, ಮಗಳ ಮದುವೆಯಲ್ಲಿ, ಮನೆಯ ಗೋಡೆಯಲ್ಲಿ ಅದು ಕರಗಬಹುದು. ಮುಂಜಾನೆ ಎದ್ದು ಹೋಗುವ ತಾಣವನ್ನು ಅದು ಕೊಡಲಾರದು.

ಸರ್ಕಾರಗಳು ಈ ಕೊರತೆಯನ್ನು ಅರಿಯದೆ ಇರಲಿಲ್ಲ. ೧೯೯೧ರ ಹೊಸ ಕೈಗಾರಿಕಾ ನೀತಿಯು ಬಂದಾಗ ಅದರಿಂದ ಕೆಲವರ ಉದ್ಯೋಗಕ್ಕೆ ಸಂಚಕಾರ ಬರುವುದೆಂಬುದು ತಿಳಿದೇ ಇತ್ತು. ಆದುದರಿಂದ ೧೯೯೨ರ ಫೆಬ್ರವರಿಯಲ್ಲಿ ರಾಷ್ಟ್ರೀಯ ನವೀಕರಣ ನಿಧಿಯು ಸ್ಥಾಪಿತವಾಯಿತು. ಕೆಲಸಗಾರರಿಗೆ ಹೊಸ ವಿದ್ಯೆಯನ್ನು ಕಲಿಸಿ ಬೇರೆ ಉದ್ಯೋಗದಲ್ಲಿ ನೆಲೆಗೊಳಿಸುವುದು ಅದರ ಮುಖ್ಯೋದ್ದೇಶಗಳಲ್ಲಿ ಒಂದಾಗಿತ್ತು. ನಡೆದುದೇ ಬೇರೆ. ನಿಧಿಯ ಬಹುಪಾಲು ಸ್ವಯಂನಿವೃತ್ತಿಯ ಪರಿಹಾರಕ್ಕೆ ವೆಚ್ಚವಾಯಿತು. ಮರುಶಿಕ್ಷಣಕ್ಕೆ ಉಳಿದುದು ಅತ್ಯಲ್ಪ. ೨೦೦೦ದಲ್ಲಿ ನಿಧಿಯೇ ರದ್ದಾಯಿತು. ಮುಂದೆ ಕೇಂದ್ರದ ಸಾರ್ವಜನಿಕ ಉದ್ದಿಮೆಗಳನ್ನು ಬಿಟ್ಟವರಿಗಾಗಿ ಸಲಹೆ, ಮರುಶಿಕ್ಷಣ, ಮರುನಿಯೋಜನೆ ಎಂಬ ಮೂರು ಅಂಗಗಳುಳ್ಳ ಯೋಜನೆಯು ಬಂದಿತು. ೨೦೦೭ರಲ್ಲಿ ಅದಕ್ಕೊಂದು ತಿದ್ದುಪಡಿಯಾಯಿತು: ನಿವೃತ್ತನಾದವನಿಗೆ ಕಲಿಯಲು ಇಷ್ಟವಿಲ್ಲದಿದ್ದರೆ ಆತನ ಆಶ್ರಿತರಲ್ಲೊಬ್ಬರು ಕಲಿಯಬಹುದು. ಈ ತಿದ್ದುಪಡಿಯಲ್ಲಿ ಅನುಕಂಪವೂ ಇದೆ, ಒಂದು ಮೌನವಾದ ಒಪ್ಪಿಗೆಯೂ ಇದೆ. ಐವತ್ತು ವರ್ಷದವನು ಮತ್ತೆ ಮಣೆಯ ಮೇಲೆ ಕುಳಿತು ಶಿಷ್ಯನಾಗುವುದು ಎಷ್ಟು ಕಷ್ಟವೆಂಬುದನ್ನು ಶಾಸನವೇ ಒಪ್ಪಿಕೊಂಡಂತಾಯಿತು.

ಕಲಿತ ಮಾತ್ರಕ್ಕೆ ಕೆಲಸ ದೊರೆಯುವುದೇ ಎಂಬುದು ಇನ್ನೊಂದು ಪ್ರಶ್ನೆ. ಕೋಲಾರದ ಚಿನ್ನದ ಗಣಿಗಳ ಆಳವು ಮೂರು ಕಿಲೋಮೀಟರಿಗೂ ಮಿಗಿಲಾಗಿದ್ದಿತು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಮೊಟ್ಟಮೊದಲು ಹರಿದುಬಂದುದು ಅಲ್ಲಿಗೇ. ಅಂತಹ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿಹೋದುವು. ನೆಲದಾಳದ ಬಂಡೆಯ ಸದ್ದನ್ನು ಕೇಳಿಯೇ ಅಪಾಯವನ್ನರಿಯುವ ವಿದ್ಯೆಗೆ ನೆಲದ ಮೇಲೆ ಕೊಳ್ಳುವವರಿಲ್ಲ. ಹೊಸ ಕಸುಬನ್ನು ಕಲಿಯುವೆನೆಂದರೂ ಆ ಕಸುಬಿಗೆ ಊರಿನಲ್ಲಿ ಆಸರೆಯಿಲ್ಲ. ಅಲ್ಲಿಯ ಸಾವಿರಾರು ಮಂದಿ ನಸುಕಿನ ರೈಲನ್ನು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ಇರುಳಿನಲ್ಲಿ ಮರಳುವ ಪದ್ಧತಿಯು ಈ ಕಾರಣದಿಂದಲೇ ಬೆಳೆಯಿತು. ವಿದ್ಯೆಯನ್ನು ಕಲಿಸಿ ಕಾಯಕಕ್ಕೆ ಸ್ಥಳವನ್ನು ಕಲ್ಪಿಸದಿರುವುದು, ಹಸಿದವನಿಗೆ ಅಡಿಗೆಯ ಕ್ರಮವನ್ನು ಬೋಧಿಸಿ ಅಕ್ಕಿಯನ್ನು ಕೊಡದೆ ಕಳುಹಿಸಿದಂತೆ.

ಮೇಲೆ ಹೇಳಿದವರು ಸರ್ಕಾರದ ಉದ್ದಿಮೆಗಳಲ್ಲಿದ್ದವರು. ಅವರ ಮೇಲೆ ಯೋಜನೆಯ ನೆರಳಾದರೂ ಬಿದ್ದಿತು. ದಾವಣಗೆರೆಯ ಹತ್ತಿಯ ಗಿರಣಿಗಳು ಒಂದೊಂದಾಗಿ ನಿಂತುಹೋದಾಗ ನೂಲುವವರಿಗೂ ನೇಯುವವರಿಗೂ ಅಷ್ಟು ನೆರಳೂ ದೊರೆಯಲಿಲ್ಲ. ಈಚೆಗೆ ಕಾನೂನು ಒಂದು ಹೆಜ್ಜೆಯನ್ನು ಮುಂದಿಟ್ಟಿದೆ. ೨೦೨೦ರಲ್ಲಿ ಅಂಗೀಕೃತವಾಗಿ ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿ ಮರುಕೌಶಲ್ಯ ನಿಧಿಯೊಂದನ್ನು ವಿಧಿಸಲಾಗಿದೆ. ಕೆಲಸದಿಂದ ತೆಗೆಯಲ್ಪಟ್ಟ ಪ್ರತಿಯೊಬ್ಬನ ಹೆಸರಿನಲ್ಲಿಯೂ ಮಾಲೀಕನು ಹದಿನೈದು ದಿನಗಳ ವೇತನವನ್ನು ಆ ನಿಧಿಗೆ ಸಲ್ಲಿಸಬೇಕು. ಅದು ಕೆಲಸಗಾರನ ಖಾತೆಗೆ ಸೇರುವುದು. ಬಿಡುಗಡೆ ಮಾಡಿದವನ ಮೇಲೆಯೂ ಕಲಿಕೆಯ ಭಾರವುಂಟೆಂಬ ತತ್ತ್ವವು ಇದರಲ್ಲಿ ಅಡಗಿದೆ. ಇದು ಸಂತೋಷದ ಸಂಗತಿ. ಆದರೆ ಇಪ್ಪತ್ತು ವರ್ಷಗಳಲ್ಲಿ ಕೈಗೆ ಹತ್ತಿದ ವಿದ್ಯೆಯ ಬದಲು ಮತ್ತೊಂದನ್ನು ಹದಿನೈದು ದಿನಗಳ ಕೂಲಿಯಲ್ಲಿ ಕೊಳ್ಳಬಹುದೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿಯೇ ಲೆಕ್ಕ ಹಾಕಿ ನೋಡಬೇಕು.

ಹೊರನಾಡುಗಳ ಅನುಭವವೂ ಇದೇ ಪಾಠವನ್ನು ಹೇಳುತ್ತದೆ. ಅಮೆರಿಕೆಯಲ್ಲಿ ವಿದೇಶಿ ಸರಕುಗಳ ಪೈಪೋಟಿಯಿಂದ ಕೆಲಸ ಕಳೆದುಕೊಂಡವರಿಗೆ ನೆರವಾಗಲು ೧೯೬೨ರಲ್ಲಿ ಒಂದು ಯೋಜನೆಯು ಹುಟ್ಟಿತು. ೨೦೧೨ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನವು, ನಾಲ್ಕು ವರ್ಷಗಳ ತರುವಾಯವೂ ಯೋಜನೆಗೆ ಸೇರಿದವರ ಗಳಿಕೆಯು ಅವರಂತೆಯೇ ಕೆಲಸ ಕಳೆದುಕೊಂಡ ಇತರರ ಗಳಿಕೆಗಿಂತ ಹೆಚ್ಚಾಗಿರಲಿಲ್ಲವೆಂದು ತೋರಿಸಿತು. ಕಲಿತ ಕಸುಬಿನಲ್ಲಿಯೇ ಕೆಲಸವನ್ನು ಪಡೆದವರು ಅರ್ಧಕ್ಕಿಂತಲೂ ಕಡಿಮೆ. ಮುಂದಿನ ಸಂಶೋಧನೆಗಳಲ್ಲಿ ಹೆಚ್ಚು ಲಾಭವು ಕಂಡುಬಂದುದೂ ಉಂಟು. ಆದರೂ ೨೦೨೨ರ ಜುಲೈ ೧ರಿಂದ ಆ ಯೋಜನೆಯು ಹೊಸಬರಿಗೆ ಬಾಗಿಲನ್ನು ಮುಚ್ಚಿತು. ಸ್ವೀಡನ್ನಿನಲ್ಲಿ ಮಾತ್ರ ಬೇರೊಂದು ದಾರಿಯನ್ನು ಹಿಡಿದರು. ಕೆಲಸವನ್ನಲ್ಲ, ಕೆಲಸಗಾರನನ್ನು ಕಾಪಾಡಬೇಕೆಂಬ ವಿಚಾರವನ್ನು ಅಲ್ಲಿಯ ಕಾರ್ಮಿಕ ಸಂಘಗಳೇ ೧೯೫೧ರಲ್ಲಿ ಮುಂದಿಟ್ಟುವು. ೧೯೭೪ರಿಂದ ಮಾಲೀಕರೂ ಕಾರ್ಮಿಕ ಸಂಘಗಳೂ ಒಡಂಬಡಿಕೆಯಿಂದ ನಡೆಸುವ ಮಂಡಲಿಗಳು, ಕೆಲಸ ಹೋಗುವ ಸೂಚನೆ ಬಂದೊಡನೆಯೇ, ಆತನು ಬಾಗಿಲನ್ನು ದಾಟುವ ಮೊದಲೇ, ನೆರವಿಗೆ ನಿಲ್ಲುತ್ತವೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕೂ ಮೊದಲೇ ತೋಡಿರಿಸುವುದಕ್ಕೂ ಇರುವಷ್ಟು ಅಂತರವು ಇಲ್ಲಿದೆ.

ಈಗ ಕಾಯಕಗಳೆಲ್ಲವೂ ಸಮಾನವೆಂಬ ಮಾತಿಗೆ ಮರಳಬಹುದು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದು, ಸಿಂಹಾಸನವನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆಯನ್ನು ಹೊತ್ತರೆಂದು ಶರಣಪರಂಪರೆಯು ಹೇಳುತ್ತದೆ. ಕಾಯಕವನ್ನು ಬದಲಿಸಿಕೊಂಡವರಿಗೆ ಇದಕ್ಕಿಂತ ದೊಡ್ಡ ಆದರ್ಶವೆಲ್ಲಿ? ಆದರೆ ಆ ಕಥೆಯನ್ನು ಸಂಪೂರ್ಣವಾಗಿ ನೋಡಬೇಕು. ಮಾರಯ್ಯನವರು ತಾವಾಗಿಯೇ ಬಿಟ್ಟುಬಂದರು; ಅವರ ಕೈಯಿಂದ ಯಾರೂ ಕಸಿದುಕೊಳ್ಳಲಿಲ್ಲ. ಇಷ್ಟೇ ಅಲ್ಲ, ಅವರ ಹೊರೆಯನ್ನು ಕೊಳ್ಳುವವರು ಕಲ್ಯಾಣದಲ್ಲಿದ್ದರು, ಹೊರೆ ಹೊತ್ತವನನ್ನು ಶರಣನೆಂದು ಸಮನಾಗಿ ಕುಳ್ಳಿರಿಸಿಕೊಳ್ಳುವ ಸಮಾಜವು ಅಲ್ಲಿದ್ದಿತು. ಆ ಎರಡೂ ಇಲ್ಲದಿದ್ದರೆ ಅರಸನ ತ್ಯಾಗವು ಬರಿಯ ದುರ್ಗತಿಯಾಗಿ ಮುಗಿಯುತ್ತಿದ್ದಿತು. ಆದುದರಿಂದ ಕಾಯಕಗಳ ಸಮಾನತೆಯೆಂಬುದು ಮೊದಲು ಸಮಾಜದ ಮೇಲಿನ ಕಟ್ಟಳೆ. ಆಮೇಲೆ ದುಡಿಯುವವನಿಗೆ ಸಮಾಧಾನ. ಈ ಕ್ರಮವನ್ನು ತಿರುಗುಮುರುಗು ಮಾಡಿ, ತನ್ನ ಕುರ್ಚಿಯಲ್ಲಿ ಭದ್ರವಾಗಿ ಕುಳಿತವನು ಕೆಲಸ ಕಳೆದುಕೊಂಡವನಿಗೆ ಸಮಾನತೆಯನ್ನು ಬೋಧಿಸಿದರೆ, ಅದು ಶರಣರ ಹೆಸರಿನಲ್ಲಿ ನುಡಿದ ನಿರ್ದಯೆಯೇ ಸರಿ.

ಹಾಗೆಂದು ಮರುಶಿಕ್ಷಣವು ವ್ಯರ್ಥವೆಂದಾಗಲಿ, ದುಡಿಯುವವನಿಗೆ ಹೊಣೆಯಿಲ್ಲವೆಂದಾಗಲಿ ಅರ್ಥವಲ್ಲ. ಕಸುಬು ಬೇರೆ, ಕಾಯಕ ಬೇರೆ. ಕಸುಬು ಕೈಯಲ್ಲಿದೆ, ಕಾಯಕವು ಆ ಕೈಯನ್ನು ನಡೆಸುವ ಭಾವದಲ್ಲಿದೆ. ಗಡಿಯಾರವನ್ನು ಕೂಡಿಸಿದ ನಿಷ್ಠೆಯು ಗಡಿಯಾರದೊಡನೆ ಸಾಯುವುದಿಲ್ಲ. ಅದು ಮತ್ತೊಂದು ಉಪಕರಣದ ಮೇಲೆ ಇಳಿಯಬಲ್ಲುದು. ಹಿಂದಿನ ಹುದ್ದೆಯ ಅಭಿಮಾನವನ್ನು ಬಿಡಲಾರದೆ ಮನೆಯ ಮೂಲೆಯಲ್ಲಿ ಕುಳಿತವನು ತನ್ನ ಆ ನಿಷ್ಠೆಯನ್ನೇ ಹೂತಿಡುವನು. ಕಿರಿಯನ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳಲು ಬೇಕಾದ ವಿನಯವು ಶರಣಮಾರ್ಗಕ್ಕೆ ಹೊಸದಲ್ಲ. ಆದರೆ ಆ ವಿನಯವನ್ನು ಕೇಳುವ ಅಧಿಕಾರವು, ಕಲಿತವನಿಗೆ ಕೆಲಸದ ತಾಣವನ್ನು ಸಿದ್ಧಪಡಿಸಿದ ಸಮಾಜಕ್ಕೆ ಮಾತ್ರ ಉಂಟು.

ಸರ್ಕಾರವು ಮಾಡತಕ್ಕದ್ದನ್ನು ಸರ್ಕಾರವೇ ಮಾಡಬೇಕು. ಗೃಹಸ್ಥರು ಮಾಡತಕ್ಕದ್ದೂ ಕೆಲವುಂಟು. ಅಂಗಡಿಯನ್ನೋ ಕಾರ್ಖಾನೆಯನ್ನೋ ನಡೆಸುವವರು ಕೆಲಸಕ್ಕೆ ಬಂದ ನಲವತ್ತೈದರ ಪ್ರಾಯದವನನ್ನು ವಯಸ್ಸಾಯಿತೆಂದು ಬಾಗಿಲಿನಿಂದಲೇ ಕಳುಹಿಸದಿರಬಹುದು. ವಿದ್ಯಾಸಂಸ್ಥೆಗಳ ಆಡಳಿತದಲ್ಲಿರುವವರು ಸಂಜೆಯ ಹೊತ್ತು ತಮ್ಮ ಕಾರ್ಯಾಗಾರಗಳನ್ನು ಹಿರಿಯ ವಿದ್ಯಾರ್ಥಿಗಳಿಗಾಗಿ ತೆರೆಯಬಹುದು. ನೆರೆಹೊರೆಯವರು ಕೆಲಸ ಹೋದವನನ್ನು ಮದುವೆ ಮುಂಜಿಗಳಲ್ಲಿ ಮೊದಲಿನ ಆದರದಿಂದಲೇ ಕರೆದು ಕುಳ್ಳಿರಿಸಬಹುದು. ಇದೂ ದಾಸೋಹವೇ. ಅನ್ನವನ್ನು ನೀಡುವ ದಾಸೋಹವು ಒಂದು ಹೊತ್ತಿನ ಹಸಿವನ್ನು ಹಿಂಗಿಸುತ್ತದೆ. ಕಾಯಕವನ್ನು ನೀಡುವ ದಾಸೋಹವು, ನಿನ್ನೆ ಪಡೆದವನನ್ನೇ ನಾಳೆ ನೀಡುವವನನ್ನಾಗಿ ಮಾಡುತ್ತದೆ.

ಕಟ್ಟಿಗೆಯ ಹೊರೆಯನ್ನು ಹೊತ್ತವರು ಇಂದೂ ಪ್ರತಿಯೊಂದು ಊರಿನ ಬಾಗಿಲಿನಲ್ಲಿ ನಿಂತಿದ್ದಾರೆ. ಹೊರೆಯನ್ನು ಕೊಳ್ಳುವವರೂ, ಹೊತ್ತವನನ್ನು ಸರಿಸಮನಾಗಿ ಕರೆಯುವವರೂ ಎಲ್ಲಿರುವರೋ ಅಲ್ಲಿಯೇ ಕಲ್ಯಾಣ.