ಇನ್ನೊಂದು ವರ್ಷ

ಹಲಗೇರಿ ಸೀಮೆಯ ಎರೆಹೊಲಗಳಲ್ಲಿ ಸೀಗೆ ಹುಣ್ಣಿಮೆಗೆ ಭೂಮಿತಾಯಿಗೆ ಉಣಿಸುತ್ತಾರೆ. ಪೈರು ಆಗಿನ್ನೂ ಕೊಯ್ಲಿಗೆ ಬಂದಿರುವುದಿಲ್ಲ. ಬಸುರಿಗೆ ಬಯಕೆಯೂಟ ಕೊಟ್ಟಂತೆ, ಫಲ ಕೈಸೇರುವ ಮೊದಲೇ ಬುತ್ತಿ ಹೊತ್ತು ಹೋಗಿ ಚರಗ ಚೆಲ್ಲುತ್ತಾರೆ. ಬೈಬಲಿನ ಹಣ್ಣುಬಿಡದ ಅಂಜೂರದ ಮರ ನನಗೆ ಅರ್ಥವಾಗತೊಡಗಿದ್ದು ಈ ಹಬ್ಬದ ಮಗ್ಗುಲಿನಿಂದಲೇ.

ಸುವಾರ್ತೆಗಳಲ್ಲಿ ಆ ಮರದ ಕಥೆ ಎರಡು ಬಗೆಯಲ್ಲಿದೆ. ಮಾರ್ಕನ 11ನೆಯ ಅಧ್ಯಾಯದಲ್ಲಿ, ಬೆಥಾನ್ಯದಿಂದ ಜೆರುಸಲೇಮಿಗೆ ಹೊರಟ ಯೇಸುವಿಗೆ ಹಸಿವು. ದೂರಕ್ಕೆ ಎಲೆದುಂಬಿದ ಮರ ಕಾಣುತ್ತದೆ. ಹತ್ತಿರ ಹೋದರೆ ಹಣ್ಣಿಲ್ಲ. ಅದು ಹಣ್ಣಿನ ಕಾಲವಲ್ಲವೆಂದು ಮಾರ್ಕನೇ ಹೇಳುತ್ತಾನೆ. ಆದರೂ ಶಾಪ ಬೀಳುತ್ತದೆ, ಮರುದಿನ ಬೆಳಗ್ಗೆ ಮರ ಬುಡಸಹಿತ ಒಣಗಿರುತ್ತದೆ. ಇವೆರಡರ ನಡುವೆ, ದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟಿದ ಪ್ರಸಂಗವನ್ನು ಮಾರ್ಕ ಹೆಣೆದಿದ್ದಾನೆ. ಶಾಪ ತಟ್ಟಿದ್ದು ಮೈತುಂಬ ಎಲೆ ಹೊತ್ತು ಹಸಿದವನಿಗೆ ಏನೂ ಕೊಡದ ಭಕ್ತಿಗೆ ಎಂದು ಬಹಳ ಜನ ಓದುತ್ತಾರೆ. ಒಪ್ಪುತ್ತೇನೆ. ಮರದ ಮೇಲಿನ ಮರುಕ ಮಾತ್ರ ಹೋಗುವುದಿಲ್ಲ.

ಲೂಕನ 13ನೆಯ ಅಧ್ಯಾಯದಲ್ಲಿ ಆ ಮರುಕಕ್ಕೆ ಜಾಗವಿದೆ. ಯೇಸು ಹೇಳುವ ಕಥೆಯಿದು: ದ್ರಾಕ್ಷಿತೋಟದೊಳಗೊಂದು ಅಂಜೂರ. ಒಡೆಯ ಮೂರು ವರ್ಷ ಬಂದು ನೋಡಿದ್ದಾನೆ, ಹಣ್ಣಿಲ್ಲ. ಕಡಿಯಲು ತೋಟಗಾರನಿಗೆ ಹೇಳುತ್ತಾನೆ. ಅವನದೂ ತಪ್ಪಲ್ಲ, ಎರಡೆಕರೆಯ ರೈತನನ್ನು ಕೇಳಿದರೆ ಒಂದು ಮರ ಹಿಡಿದ ನೆಲದ ಬೆಲೆ ತಿಳಿಯುತ್ತದೆ.

ಮರಕ್ಕೆ ಹೀಗೆ ಕೊಡಲಿ ತೋರುವ ಮಲಯದ ಸೆಲಂಗೋರ್ ಸೀಮೆಯ ಆಚರಣೆಯೊಂದನ್ನು ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ದಾಖಲಿಸಿದ್ದಾನೆ. ಹಣ್ಣುಬಿಡದ ದುರಿಯನ್ ಮರಕ್ಕೆ ಮಾಂತ್ರಿಕ ಕೊಡಲಿಯೇಟು ಹಾಕಿ ಗದರುತ್ತಿದ್ದ. ಪಕ್ಕದ ಮರವೇರಿ ಕೂತವನು ಅದರ ಪರವಾಗಿ, ಹಣ್ಣು ಬಿಡುತ್ತೇನೆ ಎಂದು ಮಾತು ಕೊಡುತ್ತಿದ್ದ. ಲೂಕನ ತೋಟಗಾರ ಮರದ ಹೆಸರಿನಲ್ಲಿ ಯಾವ ಮಾತೂ ಕೊಡುವುದಿಲ್ಲ. ಮರ ಏನು ಮಾಡೀತೋ ಅವನಿಗೂ ತಿಳಿಯದು. ಬುಡ ಅಗೆದು ಗೊಬ್ಬರ ಹಾಕುವುದು ತನ್ನ ಕೆಲಸ, ಒಂದು ವರ್ಷ ಬಿಟ್ಟುಕೊಡಿ ಎಂದಷ್ಟೇ ಬೇಡುತ್ತಾನೆ. ಮೂರು ವರ್ಷ ಬರಿಗೈಯಾದ ಮೇಲೂ ತನ್ನ ಬೆವರನ್ನೇ ಪಣಕ್ಕಿಡುವ ಈ ಕೂಲಿಯಾಳಿನ ಎದುರು ನಾನು ಬೆರಗಾಗುತ್ತೇನೆ. ಕ್ರಿಸ್ತನನ್ನು ಎಷ್ಟೋ ಜನ ಅವನಲ್ಲೇ ಕಂಡಿದ್ದಾರೆ.

ನಮ್ಮ ಅತ್ತಿಯೂ ಅಂಜೂರದ ಕುಲದ್ದೇ. ಎರಡರ ಹೂವೂ ಹೊರಗೆ ಅರಳುವುದಿಲ್ಲ. ಕಾಯಿ ಎಂದು ನಾವು ಕಾಣುವುದರ ಒಳಗೇ ಪುಟ್ಟ ಹೂಗಳು ಕಿಕ್ಕಿರಿದಿರುತ್ತವೆ. ತುದಿಯ ಕಿರುಗಂಡಿಯಿಂದ ನುಸಿಯಷ್ಟು ಚಿಕ್ಕ ಕಣಜ ನುಗ್ಗಿ ಪರಾಗ ಮುಟ್ಟಿಸುತ್ತದೆ. ಇಂಥ ಮರದ ವಿಚಾರದಲ್ಲಿ ಹೊರಗೆ ನಿಂತು ತೀರ್ಪು ಕೊಡಲು ನನಗಂತೂ ಧೈರ್ಯವಿಲ್ಲ.

ಕೊನೆಗೆ ಹಣ್ಣು ಬಿಟ್ಟಿತೇ? ಲೂಕ ಹೇಳುವುದಿಲ್ಲ. ಅಲ್ಲಿಂದ ನೇರ ಅವನು ಹೋಗುವುದು, 18 ವರ್ಷ ಬೆನ್ನು ಬಾಗಿ ತಲೆಯೆತ್ತಲಾರದ ಒಬ್ಬ ಹೆಂಗಸಿನ ಬಳಿಗೆ. ಸಬ್ಬತ್ ದಿನ, ಸಭಾಮಂದಿರದಲ್ಲೇ, ಯೇಸು ಅವಳನ್ನು ಮುಟ್ಟಿ ನೆಟ್ಟಗೆ ನಿಲ್ಲಿಸುತ್ತಾನೆ. ವಾಸಿಯಾಗಲು ಬೇರೆ ಆರು ದಿನಗಳಿಲ್ಲವೇ ಎಂದು ಅಲ್ಲಿನ ಅಧಿಕಾರಿ ಸಿಟ್ಟಾಗುತ್ತಾನೆ. ಮರಕ್ಕಾಗಿ ಇನ್ನೊಂದು ವರ್ಷ ಕೇಳಿಸಿದವನು, ಅವಳನ್ನು ಇನ್ನೊಂದು ದಿನವೂ ಕಾಯಿಸಲು ಒಪ್ಪಲಿಲ್ಲ.