ಕೊನೆಯ ಚೌಕಿ

ಹಳಿಯಾಳದ ಸಂತೆಯಲ್ಲಿ ಬೆಣ್ಣೆ ಮಾರಲು ಕೂತ ಗೌಳಿ ಹೆಂಗಸಿನ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಬೇಕು. ಗಿರಾಕಿ ಮರಾಠಿಯಲ್ಲಿ ಕೇಳಿದರೆ ಮರಾಠಿಯಲ್ಲಿ ದರ ಹೇಳುತ್ತಾಳೆ, ಕೊಂಕಣಿಯಲ್ಲಿ ಚೌಕಾಶಿಗಿಳಿದರೆ ಕೊಂಕಣಿಯಲ್ಲೇ ತಲೆಯಾಡಿಸುತ್ತಾಳೆ, ಕನ್ನಡದವರಿಗೆ ಕನ್ನಡ. ಎಲೆಯ ಮೇಲಿನ ಮುದ್ದೆ ಅದೇ, ತೂಕ ಅದೇ, ದರವೂ ಅದೇ. ಎದುರಿಗೆ ಬಂದವರ ಮೊದಲ ಮಾತು ಕಿವಿಗೆ ಬಿದ್ದೊಡನೆ ಅವಳ ನಾಲಿಗೆ ದಾರಿ ಆರಿಸಿಕೊಳ್ಳುತ್ತದೆ.

ಸಂತೆಯ ಅಂಚಿನ ಚಹಾದಂಗಡಿಯಲ್ಲಿ ನಿವೃತ್ತ ಹವಾಲ್ದಾರ ಕಾಕಾ ಕೂಡುತ್ತಾರೆ. ಬೆಳಗಾವಿಯ ಮರಾಠಾ ಲೈಟ್ ಇನ್ಫಂಟ್ರಿಗೆ ಸೇರಿದ ಈ ಭಾಗದ ಹಲವರಲ್ಲಿ ಅವರೂ ಒಬ್ಬರು. ಪಲ್ಟನ್ನಿನಲ್ಲಿ ವೈರ್‌ಲೆಸ್ ಸೆಟ್ ಹೊತ್ತವರು. ಇಂದಿಗೂ ಫೋನಿನಲ್ಲಿ ಒಂದು ಮಾತು ಮುಗಿಸಿದರೆ ಆ ಕಡೆಯವರಿಗಾಗಿ ಮೂರು ಉಸಿರಿನಷ್ಟು ಕಾಯುತ್ತಾರೆ. ಹಳೆಯ ಸೆಟ್ಟುಗಳು ಹೋಗಿ ಹೊಸವು ಬಂದ ದಿನಗಳ ಬಗ್ಗೆ ಒಮ್ಮೆ ಕೇಳಿದೆ. "ಸೆಟ್ ಬಂದ್ ಮಾಡೂದು ಸರಳ ಐತಿ ತಮ್ಮಾ. ಗುಡ್ಡದ ಮ್ಯಾಲಿನ ಕಡೀ ಚೌಕಿಯಾಂವ ಹೊಸಾದ್ರಾಗ ಮಾತಾಡಿದ್ನೋ ಇಲ್ಲೋ, ಅದನ್ನ ನೋಡೂದು ಕಠಿಣ" ಎಂದರು.

ಅಂದಿನಿಂದ ಆ ಮಾತು ನನ್ನ ಜೊತೆಗಿದೆ. ಇಂಥ ಮಾತುಕತೆಯ ಕಟ್ಟಳೆಗೆ ಪ್ರೋಟೋಕಾಲ್ ಎನ್ನುತ್ತಾರೆ. ಹಾಗೆಂದರೆ ಏನು? ಒಬ್ಬರ ಮುಖ ಒಬ್ಬರು ಕಾಣದ ಇಬ್ಬರು ಮೊದಲೇ ಮಾಡಿಕೊಂಡ ಕರಾರು. ಯಾರು ಮೊದಲು ಮಾತಾಡಬೇಕು, ಮಾತು ಮುಗಿದದ್ದು ಹೇಗೆ ತಿಳಿಯಬೇಕು, ತಲುಪಿತೆಂದು ಹೇಗೆ ಹೇಳಬೇಕು. ವೈರ್‌ಲೆಸ್ಸಿನ 'ಓವರ್' ಎಂಬ ಪುಟ್ಟ ಮಾತಿನಲ್ಲಿ ಇಡೀ ಕರಾರು ಅಡಗಿದೆ: ನನ್ನದು ಮುಗಿಯಿತು, ಈಗ ನಿನ್ನ ಸರದಿ. ಕರಾರು ಬದಲಾಗುವ ಹೊತ್ತಿನಲ್ಲಿ ಒಬ್ಬನಿಗೆ ಹಳೆಯದು, ಇನ್ನೊಬ್ಬನಿಗೆ ಹೊಸದು ತಿಳಿದಿದ್ದರೆ ಇಬ್ಬರ ನಡುವೆ ಬರೀ ಸದ್ದು ಉಳಿಯುತ್ತದೆ. ಸಂತೆಯಲ್ಲಿ ಹಾಗಾದರೆ ಒಂದು ವ್ಯಾಪಾರ ಕೆಡಬಹುದು. ಸೈನ್ಯದಲ್ಲಿ ಜೀವ ಹೋಗಬಹುದು.

ಇಂಥ ಬದಲಾವಣೆಯನ್ನು ಕಾಗದದ ಮೇಲೆ ಯೋಜಿಸಿ ನಡೆಸಿದ ಒಂದು ದೊಡ್ಡ ಉದಾಹರಣೆ ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲ. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಬೆಳೆದ ಆ ಜಾಲ ಎನ್‌ಸಿಪಿ ಎಂಬ ಹಳೆಯ ಕಟ್ಟಳೆಯಲ್ಲಿ ನಡೆಯುತ್ತಿತ್ತು. ಅದನ್ನು ಟಿಸಿಪಿ/ಐಪಿ ಎಂಬ ಹೊಸ ಕಟ್ಟಳೆಗೆ ದಾಟಿಸುವ ಯೋಜನೆಯನ್ನು ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ 1981ರ ನವೆಂಬರ್‌ನಲ್ಲಿ ಬರೆದಿಟ್ಟರು. ಎಲ್ಲ ಕಂಪ್ಯೂಟರುಗಳೂ ಒಂದೇ ದಿನ ಹೊಸ ಮಾತು ಕಲಿಯಲಾರವು ಎಂಬುದನ್ನು ಒಪ್ಪಿಕೊಂಡೇ ಆ ಯೋಜನೆ ಶುರುವಾಗುತ್ತದೆ. ಆದ್ದರಿಂದ 1982ರ ಇಡೀ ವರ್ಷ ಎರಡೂ ಬಲ್ಲ ಕೆಲವು ಕಂಪ್ಯೂಟರುಗಳು ನಡುವೆ ನಿಲ್ಲಬೇಕು; ಹಳೆಯದರಿಂದ ಬಂದ ಅಂಚೆಯನ್ನು ಹೊಸದಕ್ಕೆ, ಹೊಸದರದ್ದನ್ನು ಹಳೆಯದಕ್ಕೆ ದಾಟಿಸಬೇಕು. ನಮ್ಮ ಬೆಣ್ಣೆಯಾಕೆ ದಿನವೂ ಮಾಡುವ ಕೆಲಸವೇ ಅದು.

ಆದರೆ ಯೋಜನೆಗೆ ಇನ್ನೊಂದು ತುದಿಯೂ ಇತ್ತು: 1983ರ ಜನವರಿ 1, ಹಳೆಯ ಬಾಗಿಲು ಮುಚ್ಚುವ ದಿನ. ಅದಕ್ಕೂ ಮೊದಲೇ 1982ರಲ್ಲಿ ಒಮ್ಮೆ ಒಂದು ದಿನ, ಮತ್ತೊಮ್ಮೆ ಎರಡು ದಿನ ಹಳೆಯ ಕಟ್ಟಳೆಯನ್ನು ಬೇಕೆಂದೇ ನಿಲ್ಲಿಸಿದರು, ಇನ್ನೂ ಸಿದ್ಧರಾಗದವರಿಗೆ ಎಚ್ಚರವಾಗಲೆಂದು. ಹೊಸ ವರ್ಷದ ಆ ದಿನದ ಮೇಲೂ ಕೆಲವರು ತಿಂಗಳುಗಟ್ಟಲೆ ತಡವರಿಸಿದರು, ಅವರಿಗೆ ಹೆಚ್ಚಿನ ಅವಧಿ ಸಿಕ್ಕಿತು. ಜಾಲ ಮಾತ್ರ ದಾಟಿತು. ಅದೇ ವರ್ಷ ಸೈನ್ಯದ ಭಾಗ ಮಿಲ್‌ನೆಟ್ ಎಂದು ಬೇರೆಯಾಯಿತು.

ಇದರ ಪಕ್ಕದಲ್ಲಿ ಇಂದಿನ ಕಥೆ ಇಡಿ. ಅಂದು ದಾಟಿ ಬಂದ ಐಪಿ ವಿಳಾಸ 32 ಬಿಟ್‌ಗಳದ್ದು. ಒಟ್ಟು ಸುಮಾರು 430 ಕೋಟಿ ವಿಳಾಸ. ಜಗತ್ತಿಗೆ ಅದು ಸಾಲದಾಗುವುದೆಂದು ಅರಿತು ಐಪಿವಿ6 ಎಂಬ ಹೊಸ ಕಟ್ಟಳೆ ರೂಪಿಸಿದರು. ವಿಳಾಸ 128 ಬಿಟ್‌ಗಳದ್ದು; ಒಟ್ಟು ವಿಳಾಸಗಳೆಷ್ಟೆಂದು ಬರೆದರೆ 39 ಅಂಕಿಗಳ ಸಂಖ್ಯೆ. ಅಮೆರಿಕದ ರಕ್ಷಣಾ ಇಲಾಖೆ 2003ರಲ್ಲೇ ಇದಕ್ಕೆ ಬದಲಾಗುವ ನಿರ್ಧಾರ ಪ್ರಕಟಿಸಿ 2008ರ ಗುರಿ ಇಟ್ಟಿತು. ಗುರಿ ಕಳೆದು ಹೋಯಿತು, ಹಳೆಯದು ನಡೆಯುತ್ತಲೇ ಇತ್ತು. ಎರಡನ್ನೂ ಜೊತೆಯಲ್ಲಿ ನಡೆಸುವ 'ಡ್ಯುಯಲ್ ಸ್ಟ್ಯಾಕ್' ಪದ್ಧತಿ ಸೇತುವೆಯಾಗಿ ಬಂದದ್ದು. ಸೇತುವೆಯ ಮೇಲೇ ಮನೆ ಕಟ್ಟಿಕೊಂಡಂತಾಯಿತು.

ಕಾವಲುಗಾರನ ದೃಷ್ಟಿಯಿಂದ ನೋಡಿದರೆ ಇದರ ಅಪಾಯ ತಿಳಿಯುತ್ತದೆ. ಎರಡು ಕಟ್ಟಳೆ ಎಂದರೆ ಎರಡು ಬಾಗಿಲು. ಹೆಚ್ಚಿನ ಹೊಸ ಯಂತ್ರಗಳಲ್ಲಿ ಐಪಿವಿ6 ತಾನಾಗಿಯೇ ಚಾಲೂ ಇರುತ್ತದೆ. ಪಹರೆಯವನು ಹಳೆಯ ಬಾಗಿಲನ್ನಷ್ಟೇ ಕಾಯುತ್ತಿದ್ದರೆ ಇನ್ನೊಂದು ತೆರೆದೇ ಇದ್ದೀತು. ಬ್ರಿಟಿಷ್ ಸೇನಾಧಿಕಾರಿ ಅರ್ಥರ್ ವೆಲ್ಲೆಸ್ಲಿ 1800ರ ಸುಮಾರಿಗೆ ಹಳಿಯಾಳವನ್ನು ಗಡಿಠಾಣೆಯಾಗಿ ಇಟ್ಟುಕೊಂಡು ಇಲ್ಲಿನ ಹೆಸರನ್ನು ತನ್ನ ಪತ್ರಗಳಲ್ಲಿ ಮತ್ತೆ ಮತ್ತೆ ಬರೆದ. ಗಡಿಠಾಣೆಯ ಊರಿನವರಾದ ನಮಗೆ ಬಾಗಿಲು ಹೆಚ್ಚಿದಷ್ಟೂ ಕಣ್ಣು ಹೆಚ್ಚಬೇಕೆಂದು ಬೇರೆಯವರು ಹೇಳಬೇಕಿಲ್ಲ.

ಹಾಗಾದರೆ ದಿನ ಗೊತ್ತುಮಾಡಿ ಮುಚ್ಚಿಬಿಟ್ಟರೆ ಸಾಕೆ? ಇಲ್ಲಿ ನನ್ನ ಮನಸ್ಸು ಪಕ್ಕದ ಜೋಯಿಡಾ ತಾಲೂಕಿನ ಕಡೆ ತಿರುಗುತ್ತದೆ. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ ಸೂಪಾ ಎಂಬ ಊರಿತ್ತು, ತಾಲೂಕಿನ ಮುಖ್ಯ ಸ್ಥಳ. 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಮುಗಿಯಿತು, ಊರು ನೀರಿನಡಿ ಹೋಯಿತು, ಜನರಲ್ಲಿ ಹಲವರು ಅದೇ ತಾಲೂಕಿನ ರಾಮನಗರಕ್ಕೆ ಬಂದರು, ಕಚೇರಿಗಳು ಜೋಯಿಡಾಕ್ಕೆ. ನೀರಿಗೆ ಡ್ಯುಯಲ್ ಸ್ಟ್ಯಾಕ್ ಇಲ್ಲ. ಹಳೆಯ ಅಂಗಳ, ಹೊಸ ಅಂಗಳ ಎರಡರಲ್ಲೂ ಕೆಲ ಕಾಲ ಬಾಳುತ್ತೇನೆ ಎನ್ನುವ ಅವಕಾಶ ಅದು ಕೊಡುವುದಿಲ್ಲ. ಊರು ಮುಳುಗಿದರೂ ಅಣೆಕಟ್ಟಿನ ಹೆಸರಿನಲ್ಲಿ, ತಾಲೂಕಿನ ಹಳೆಯ ಹೆಸರಿನಲ್ಲಿ ಸೂಪಾ ಉಳಿಯಿತು. ವಿಳಾಸ ಬದಲಾಗುವುದೆಂದರೆ ಮನುಷ್ಯರಿಗೆ ಅಂಕಿ ಬದಲಾದಷ್ಟು ಹಗುರವಲ್ಲ. ದಿನವೊಂದನ್ನು ಗೊತ್ತುಮಾಡುವವರು ಆ ದಿನದೊಳಗೆ ಎಲ್ಲರನ್ನೂ ದಾಟಿಸುವ ಹೊಣೆಯನ್ನೂ ಹೊರಬೇಕು.

ನಮ್ಮ ದೇಶದಲ್ಲಿ ಈ ಹೊಣೆ ಅರಿತು ಹಾಕಿದ ಒಂದು ಹೆಜ್ಜೆ ನನಗೆ ಮೆಚ್ಚುಗೆಯಾಗುತ್ತದೆ. ರಕ್ಷಣಾ ಪಡೆಗಳ ಕೈಯಲ್ಲಿದ್ದ ತರಂಗಾಂತರದ ಒಂದು ಭಾಗ ನಾಗರಿಕ ಫೋನುಗಳಿಗೆ ಬೇಕಾದಾಗ, ಪಡೆಗಳಿಗೆಂದೇ ಬೇರೆ ಆಪ್ಟಿಕಲ್ ಫೈಬರ್ ಜಾಲ ಹಾಸುವ ಯೋಜನೆಯನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿದರು. 2018ರಲ್ಲಿ ಅದರ ಒಟ್ಟು ವೆಚ್ಚವನ್ನು 24,664 ಕೋಟಿ ರೂಪಾಯಿಗೆ ಏರಿಸಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಬಿಟ್ಟುಕೊಡು ಎಂದು ಕೇಳುವವನು ಮೊದಲು ಬದಲಿ ದಾರಿ ಕೊಡಬೇಕು ಎಂಬ ನ್ಯಾಯ ಅದರೊಳಗಿದೆ. ಐಪಿವಿ6ಕ್ಕೂ ದೂರಸಂಪರ್ಕ ಇಲಾಖೆ 2010ರಲ್ಲಿ, ಮತ್ತೆ 2013ರಲ್ಲಿ ಮಾರ್ಗಸೂಚಿ ಹೊರಡಿಸಿತು. ಇಂದು ಸಂತೆಯಲ್ಲಿ ಫೋನ್ ತೋರಿಸಿ ಬೆಣ್ಣೆಯ ಹಣ ಕೊಡುವ ಎಷ್ಟೋ ಜನ ತಮಗೆ ಗೊತ್ತಿಲ್ಲದೆಯೇ ಹೊಸ ವಿಳಾಸಕ್ಕೆ ದಾಟಿದ್ದಾರೆ.

ಇಷ್ಟನ್ನೂ ಕೂಡಿಸಿ ನೋಡಿದಾಗ ನನಗೆ ಕಾಣುವುದು ಇದು. ದಾಟುವುದಕ್ಕೆ ಕರುಣೆಯೂ ಬೇಕು, ಗಟ್ಟಿತನವೂ ಬೇಕು; ಒಂದರಿಂದ ಆಗದು. ಬರೀ ಕರುಣೆಯಿದ್ದರೆ ಹಳೆಯದು ಎಂದಿಗೂ ಮುಗಿಯದು, ಎರಡು ಬಾಗಿಲು ಕಾಯುತ್ತಾ ಕಾವಲುಗಾರ ದಣಿಯುತ್ತಾನೆ. ಬರೀ ಗಟ್ಟಿತನವಿದ್ದರೆ ಗುಡ್ಡದ ಮೇಲೆ ಒಬ್ಬನೇ ಕೂತವನು ಹಳೆಯ ಸೆಟ್ ಹಿಡಿದು ಕೂಗುತ್ತಾ ಉಳಿಯುತ್ತಾನೆ. ನಡುವೆ ನಿಂತು ಎರಡೂ ಕಡೆಯ ಮಾತನ್ನು ದಾಟಿಸುವವರನ್ನು ಮೊದಲು ನೇಮಿಸಬೇಕು. ಮುಚ್ಚುವ ದಿನವನ್ನು ಎಲ್ಲರಿಗೂ ಕೇಳುವಂತೆ ಸಾರಬೇಕು. ಒಂದೆರಡು ಸಲ ಮುಚ್ಚಿ ನೋಡಿ, ಯಾರ ದನಿ ಕೇಳಲಿಲ್ಲವೆಂದು ಪಟ್ಟಿ ಮಾಡಬೇಕು. ಆ ಪಟ್ಟಿಯೇ ಯೋಜನೆಯ ಜೀವ.

ಮೊನ್ನೆ ಕಾಕಾ ಅವರನ್ನು ಮತ್ತೆ ಕೇಳಿದೆ: ಕೊನೆಯ ಚೌಕಿ ಹೊಸ ಸೆಟ್‌ನಲ್ಲಿ ಮಾತಾಡಿದ ಮೇಲೆ ಹಳೆಯದನ್ನು ಏನು ಮಾಡಿದಿರಿ? ಚಹಾದ ಬಟ್ಟಲು ಕೆಳಗಿಟ್ಟರು. "ಹಳೇದರಾಗ ಒಮ್ಮೆ ಕರದು ನೋಡಿದ್ವಿ. ಯಾರೂ ಓ ಅನ್ನಲಿಲ್ಲ. ಆಮ್ಯಾಲೆ ಬಂದ್ ಮಾಡಿದ್ವಿ." ಹಾಗೆಂದು ಎಂದಿನಂತೆ ಮೂರು ಉಸಿರು ಸುಮ್ಮನೆ ಕೂತರು.